ಹಾಳೆಯ ಹಿಂಬದಿ

ಹೆಂಡತಿ ಹೊಸ ಗಾಜಿನ ಲೋಟಗಳ ಪೆಟ್ಟಿಗೆಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಬಿಚ್ಚುತ್ತಿದ್ದಳು. ಗುಮಾಸ್ತ ಒಂದು ಕಾಲಿಗೆ ಕಾಲುಚೀಲ ಏರಿಸಿಕೊಂಡು, ಇನ್ನೊಂದು ಸಿಕ್ಕದೆ, ಬಾಗಿಲಲ್ಲಿ ನಿಂತಿದ್ದ. ಲೋಟ ಒಡೆಯದಿರಲೆಂದು ಪೆಟ್ಟಿಗೆಯ ತುಂಬ ಕಾಗದದ ಪಟ್ಟಿಗಳನ್ನು ತುರುಕಿದ್ದರು. ಕಿರುಬೆರಳಿನಷ್ಟು ಅಗಲ, ಒಂದು ಗೇಣುದ್ದ. ಅವಳು ಅವನ್ನು ಹಿಡಿಹಿಡಿಯಾಗಿ ಎಳೆದು ನೆಲಕ್ಕೆ ಹಾಕುತ್ತ, "ನೋಡ್ರೀ, ಲೋಟಕ್ಕಿಂತ ಕಸಾನೇ ಜಾಸ್ತಿ ಕೊಟ್ಟಿದಾನೆ" ಎಂದು ನಕ್ಕಳು. ಒಂದು ಪಟ್ಟಿ ಅವನ ಬರಿಗಾಲಿನ ಮೇಲೆ ಬಿತ್ತು. ಬಾಗಿ ಎತ್ತಿಕೊಂಡ. ನೀಲಿ ಶಾಯಿಯ ಒಂದು ಸಾಲು, ಎರಡು ಕಡೆಯೂ ತುಂಡಾದದ್ದು: ‘ಇವರ ಬದಲಾಗಿ ಇನ್ನು ಮುಂದೆ’. ಯಾರ ಬದಲಾಗಿ, ಯಾರು, ಅದು ಬೇರೆ ಪಟ್ಟಿಗೆ ಹೋಗಿತ್ತು. ‘ಗಿ’ಯ ಗುಡಿಸು ಬೇಕಾದ್ದಕ್ಕಿಂತ ಅರ್ಧ ಸುತ್ತು ಹೆಚ್ಚಿಗೇ ಸುತ್ತಿತ್ತು. ಇಡೀ ಊರಿನಲ್ಲಿ ಹಾಗೆ ಸುತ್ತುವವನು ತಾನೊಬ್ಬನೇ. "ಏನ್ರೀ ಅದು?" ಎಂದಳು. "ಏನಿಲ್ಲ, ಕಸ" ಎಂದು ಪಟ್ಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಕಸವನ್ನು ಜೇಬಿಗೆ ಹಾಕಿಕೊಳ್ಳುವವರನ್ನು ಅವಳು ಮೊದಲ ಸಲ ನೋಡಿದ್ದಳು, ಆದರೆ ಬೆಳಗಿನ ಹೊತ್ತು ಗಂಡನನ್ನು ಕೆದಕುವುದಕ್ಕೆ ಅವಳಿಗೆ ಪುರುಸೊತ್ತಿರಲಿಲ್ಲ.

ಕಚೇರಿಗೆ ಅವನು ನಡೆದೇ ಹೋಗುತ್ತಿದ್ದ. ನಡೆದು ಬಂದವರ ಹೆಸರನ್ನು ಕಂಪನಿ ನಡೆಸುವ ಮೇಡಂ ತಿಂಗಳ ಕೊನೆಗೆ ಮೆಚ್ಚಿ ಓದಿ ಹೇಳುತ್ತಿದ್ದರು. ಮೊದಲೆಲ್ಲ ಬಸ್ಸಿಗೆ ಕೊಡುವ ಕಾಸು ಉಳಿಯಲೆಂದು ನಡೆಯುತ್ತಿದ್ದವನು ಈಗ ಭೂಮಿ ಉಳಿಯಲೆಂದು ನಡೆಯುತ್ತಿದ್ದಾನೆ ಎಂದು ಕ್ಯಾಷಿಯರ್ ಗೇಲಿ ಮಾಡುತ್ತಿದ್ದ. ಅದು ನಿಜವೂ ಆಗಿತ್ತು, ಅದಕ್ಕೇ ಚುಚ್ಚುತ್ತಿತ್ತು. ಚಪ್ಪಲಿ ಅಂಗಡಿಯ ಮೇಲಿನ ಎರಡನೆಯ ಮಹಡಿಯಲ್ಲಿ, ಹನ್ನೊಂದು ಜನ ಕೆಲಸ ಮಾಡುವ ಠೇವಣಿ ಮತ್ತು ಸಾಲದ ಪುಟ್ಟ ಕಂಪನಿ ಅದು. ಲಿಫ್ಟನ್ನು ವಯಸ್ಸಾದವರಿಗೆ ಮಾತ್ರ ಎಂದು ಮೀಸಲಿಟ್ಟಿದ್ದರು. ಪ್ರಿಂಟರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಬೀಗದ ಕೈಯನ್ನು ಮೇಡಂ ತಮ್ಮ ಚೀಲದಲ್ಲಿ ಇಟ್ಟುಕೊಂಡಿದ್ದರು. ಒಂದು ಹಾಳೆ ಬೇಕಾದರೆ ಕಾರಣ ಹೇಳಬೇಕು, ಹೇಳುವಷ್ಟರಲ್ಲಿ ಅರ್ಧ ಜನಕ್ಕೆ ಆ ಹಾಳೆ ಬೇಡವೇ ಆಗುತ್ತಿತ್ತು. ಪಾಸ್‌ಪುಸ್ತಕ ನಿಂತು ಮೊಬೈಲಿಗೆ ಸಂದೇಶ ಹೋಗುತ್ತಿತ್ತು. ತಂಪು ಯಂತ್ರ ಇಪ್ಪತ್ತಾರರ ಕೆಳಗೆ ಇಳಿಯುವಂತಿರಲಿಲ್ಲ. ಒಂದು ವರ್ಷದಲ್ಲಿ ವಿದ್ಯುತ್ತು ಮೂರನೇ ಒಂದು ಪಾಲು ಇಳಿದಿತ್ತು, ಕಾಗದ ಹತ್ತರಲ್ಲಿ ಒಂಬತ್ತು ಪಾಲು. ಇವತ್ತು ಮಧ್ಯಾಹ್ನ ಮೂರಕ್ಕೆ ಹಸಿರು ಪ್ರಮಾಣಪತ್ರದವರು ಬಂದು ಬಾಗಿಲಲ್ಲಿ ಫಲಕ ಹಾಕುವವರಿದ್ದರು. ಮೆಟ್ಟಿಲು ಹತ್ತುವಾಗ ಜೇಬಿನೊಳಗಿನ ಪಟ್ಟಿ ಸರಸರ ಅಂದಿತು. ಕೇಳಿದ್ದು ತನಗೊಬ್ಬನಿಗೇ ಎಂದು ಗೊತ್ತಿದ್ದರೂ ಸುತ್ತ ನೋಡಿದ.

ಅವನ ಕೋಣೆ ಕಚೇರಿಯ ಹಿಂದಿನ ತುದಿಯಲ್ಲಿತ್ತು. ಕಿಟಕಿಯಿಲ್ಲದ ಕಡತದ ಕೋಣೆ. ನೆಲದಿಂದ ಸೂರಿನ ತನಕ ಕಬ್ಬಿಣದ ಕಪಾಟು. ಈಗ ಎಲ್ಲ ಖಾಲಿ. ಖಾಲಿಯಾದ ಮೇಲೆ ಅಲ್ಲಿ ಮಾತಾಡಿದರೆ ತನ್ನ ದನಿಯೇ ತನಗೆ ಇನ್ನಾರದೋ ಅನ್ನಿಸುತ್ತಿತ್ತು. ದೀಪವನ್ನೂ ಬದಲಿಸಿದ್ದರು. ಸೂರಿನಲ್ಲಿ ಒಂದು ಬಿಳಿ ಗುಂಡಿ; ಒಳಗೆ ಯಾರಾದರೂ ಕದಲಿದರೆ ದೀಪ ಹತ್ತುತ್ತದೆ, ಮೂರು ನಿಮಿಷ ಯಾರೂ ಕದಲದಿದ್ದರೆ ಯಾರೂ ಇಲ್ಲವೆಂದು ತಿಳಿದು ಆರುತ್ತದೆ. ಬೇರೆಯವರ ಕೋಣೆಗಳಲ್ಲಿ ಅದು ಆರುತ್ತಲೇ ಇರಲಿಲ್ಲ. ಅವರು ಕೆಮ್ಮುತ್ತ, ಕುರ್ಚಿ ತಿರುಗಿಸುತ್ತ, ಮೈಮುರಿಯುತ್ತ ಇರುತ್ತಿದ್ದರು. ಗುಮಾಸ್ತ ಮೂವತ್ತು ವರ್ಷ ಕಡತಗಳ ನಡುವೆ ಕೂತು ಕದಲದೆ ಇರುವುದನ್ನು ಕಲಿತುಬಿಟ್ಟಿದ್ದ. ದಿನಕ್ಕೆ ಹತ್ತು ಸಲ ಕತ್ತಲಾಗುತ್ತಿತ್ತು. ಹತ್ತು ಸಲ ಕೈಯೆತ್ತಿ, ನಾನಿದ್ದೇನೆ ಎಂದು ಸೂರಿಗೆ ತೋರಿಸಬೇಕಾಗಿತ್ತು. ಒಮ್ಮೆ ಹಾಗೆ ಕೈಯೆತ್ತಿದಾಗ ಕ್ಯಾಷಿಯರ್ ಬಾಗಿಲಲ್ಲಿ ನಿಂತಿದ್ದ. "ಏನ್ ಸಾರ್, ಹಾಜರಿ ಹೇಳ್ತಿದ್ದೀರಾ? ದೀಪಕ್ಕೂ ನೀವಿರೋದು ಗೊತ್ತಾಗಲ್ವಲ್ಲ!" ಅಂದಿದ್ದ. ಎಲ್ಲರ ಜೊತೆ ಅವನೂ ನಕ್ಕಿದ್ದ, ಎಲ್ಲರಿಗಿಂತ ಒಂಚೂರು ಜೋರಾಗಿಯೇ.

ಹಳೆಯ ಯಜಮಾನರಿದ್ದಾಗ ಇಲ್ಲಿ ಒಂದೇ ಬಲ್ಬು, ಅದರ ಸ್ವಿಚ್ಚೂ ಅವರ ಮೇಜಿನ ಪಕ್ಕದಲ್ಲಿ. ಅವರು ಭೂಮಿಯ ಬಗ್ಗೆ ಯಾವತ್ತೂ ತಲೆ ಕೆಡಿಸಿಕೊಂಡವರಲ್ಲ. ಕಡು ಜುಗ್ಗ. ಬಂದ ಲಕೋಟೆಯನ್ನು ಅಂಟು ಬಿಡಿಸಿ, ಒಳಮೈ ಹೊರಗೆ ಮಾಡಿ ಮತ್ತೆ ಕಳಿಸುತ್ತಿದ್ದರು. ಠೇವಣಿ ಇಟ್ಟವರು ತಮ್ಮ ನಂತರ ಹಣ ಯಾರಿಗೆ ಸೇರಬೇಕೆಂದು ನಾಮಿನಿಯ ಹೆಸರು ಬರೆದುಕೊಡುವ ನಮೂನೆ ಇತ್ತಲ್ಲ, ಆಮೇಲೆ ಯಾರಾದರೂ ಬಂದು ಆ ಹೆಸರನ್ನು ಬದಲಿಸಬೇಕೆಂದರೆ ಬೇರೆ ಕಂಪನಿಗಳಲ್ಲಿ ಹೊಸ ನಮೂನೆ ಕೊಡುತ್ತಾರೆ. ಇಲ್ಲಿ ಯಜಮಾನರು ಕನ್ನಡಕದ ಮೇಲಿನಿಂದ ನೋಡಿ, "ಹಾಳೆ ಯಾಕೋ ದಂಡ ಮಾಡ್ತೀಯ? ಹಿಂದುಗಡೆ ಖಾಲಿ ಇದೆಯಲ್ಲ, ಅಲ್ಲೇ ಬರಿ" ಅನ್ನುತ್ತಿದ್ದರು. ಅವನು ಬರೆಯುತ್ತಿದ್ದ. ಇಂಥವರ ಬದಲಾಗಿ ಇನ್ನು ಮುಂದೆ ಇಂಥವರು. ಕೆಳಗೆ ಠೇವಣಿದಾರರ ಸಹಿ, ಪಕ್ಕದಲ್ಲಿ ಯಜಮಾನರ ಗೀಚು. ಹೆಂಡತಿ ಬಿಟ್ಟವರು, ಮಗನ ಮೇಲೆ ಮುನಿದವರು, ಮತ್ತೆ ರಾಜಿಯಾದವರು, ಎಲ್ಲರ ಮನೆಯ ಗುಟ್ಟೂ ಹಾಳೆಯ ಹಿಂಬದಿಯಲ್ಲಿ ಅವನ ಅಕ್ಷರದಲ್ಲಿತ್ತು. ಮುಂಬದಿಯಲ್ಲಿ ಇದ್ದದ್ದು ಬರೀ ಹಳೆಯ ಆಸೆ.

ಯಜಮಾನರು ತೀರಿಕೊಂಡ ಮೇಲೆ ಅವರ ಮಗಳು, ಈ ಮೇಡಂ, ಬಂದರು. ಒಳ್ಳೆಯ ಹೆಣ್ಣುಮಗಳು. ಯಾರಿಗೂ ಏರುದನಿಯಲ್ಲಿ ಮಾತಾಡಿದವರಲ್ಲ. "ಅಪ್ಪ ಜಿಪುಣತನದಿಂದ ಮಾಡಿದ್ದನ್ನ ನಾವು ಮನಸ್ಸಿಟ್ಟು ಮಾಡೋಣ" ಎಂದಿದ್ದರು ಮೊದಲ ದಿನ. ಕಡತಗಳನ್ನೆಲ್ಲ ಸ್ಕ್ಯಾನ್ ಮಾಡಿ, ಕಾಗದವನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಪ್ಲಾಸ್ಟಿಕ್ಕಿನ ಬದಲು ಪೆಟ್ಟಿಗೆಗೆ ತುಂಬಲು ಗಾಜಿನ ಸಾಮಾನಿನವರಿಗೆ ಕೊಡುವುದು ಅವರ ಯೋಚನೆ. ಆ ಕೆಲಸ ಗುಮಾಸ್ತನಿಗೆ ಬಂತು. ಯಂತ್ರ ಕೇಳುತ್ತಿತ್ತು, ಒಂದು ಬದಿಯೋ, ಎರಡು ಬದಿಯೋ? ಅವನು ಎರಡು ಬದಿ ಒತ್ತಿದ್ದ. ವಾರದ ಕೊನೆಗೆ ಮೇಡಂ ಪರದೆಯಲ್ಲಿ ನೋಡಿ, "ಅಯ್ಯೋ ಗುಮಾಸ್ತರೇ, ಇಷ್ಟೊಂದು ಖಾಲಿ ಪುಟ ಯಾಕೆ? ಇದನ್ನ ಕಾಪಾಡಿ ಇಡೋಕೂ ಎಲ್ಲೋ ಒಂದು ಕಡೆ ಕರೆಂಟು ಉರೀತಿರುತ್ತೆ, ಗೊತ್ತಾ?" ಎಂದರು. ಅಲ್ಲಿಂದ ಮುಂದೆ ಅವನು ಒಂದು ಬದಿ ಒತ್ತಿದ. ಹಿಂದೆ ಬರವಣಿಗೆ ಇರುವ ಹಾಳೆಗಳನ್ನು ತಾನೇ ಕೈಯಾರೆ ಆರಿಸಿ, ತಿರುಗಿಸಿ, ಇನ್ನೊಮ್ಮೆ ಹಾಕುತ್ತೇನೆ ಎಂದುಕೊಂಡ. ಹಾಗೇ ಮಾಡಿದ ಕೂಡ, ಒಂದಷ್ಟು ದಿನ. ಆಮೇಲೆ ಒಂದು ಮಧ್ಯಾಹ್ನ ಬೆರಳ ತುದಿ ಒಡೆದು ಉರಿಯುತ್ತಿತ್ತು, ಕತ್ತು ನೋಯುತ್ತಿತ್ತು, ಮುಗಿಸಿಕೊಡಬೇಕಾದ ತಿಂಗಳ ಕೊನೆ ಹತ್ತಿರ ಬಂದಿತ್ತು, ಐವತ್ತು ಹಾಳೆ ತಿರುಗಿಸಿದರೂ ಹಿಂದೆ ಏನೂ ಇರಲಿಲ್ಲ. ಐವತ್ತೊಂದನೆಯದನ್ನು ತಿರುಗಿಸಲಿಲ್ಲ. ಅಷ್ಟೇ ನಡೆದದ್ದು. ಯಾರೂ ಬೆದರಿಸಿರಲಿಲ್ಲ, ಯಾರೂ ಲಂಚ ಕೊಟ್ಟಿರಲಿಲ್ಲ. ಯಾವ ಕಪಾಟಿನ ಯಾವ ಕಡತದಿಂದ ತಿರುಗಿಸುವುದನ್ನು ಬಿಟ್ಟೆ ಎಂದು ಎಷ್ಟು ತಿಣುಕಿದರೂ ಈಗ ನೆನಪಾಗುತ್ತಿರಲಿಲ್ಲ. ನಲವತ್ತೊಂದು ಚೀಲ ಪಟ್ಟಿ ಆಯಿತು. ಕೊನೆಗೆ ಮೇಡಂ ಪರದೆ ಮುಂದೆ ಹಿಡಿದರು. ‘ಪ್ರತಿ ಹಾಳೆಯ ಎರಡೂ ಬದಿಯನ್ನು ಪರಿಶೀಲಿಸಿದ್ದೇನೆ’ ಎಂಬ ಸಾಲಿನ ಕೆಳಗೆ ಅವನು ತೋರುಬೆರಳಿನಿಂದ ಸಹಿ ಮಾಡಿದ. ಗಾಜಿನ ಮೇಲೆ ಬೆರಳು ಜಾರಿ ಸಹಿ ಬೇರೆ ಯಾರದೋ ಥರ ಕಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಶಂಸಾಪತ್ರವೂ ಮೊಬೈಲಿಗೇ ಬಂತು.

ಅದಾಗಿ ಎರಡು ತಿಂಗಳಿಗೆ, ಏನೂ ಕೆಲಸವಿಲ್ಲದ ಒಂದು ದಿನ, ಅವನು ತನ್ನದೇ ಠೇವಣಿಯ ದಾಖಲೆಯನ್ನು ಪರದೆಯಲ್ಲಿ ತೆರೆದು ನೋಡಿದ್ದ. ನಾಮಿನಿಯ ಸಂಬಂಧ: ತಾಯಿ. ಅಮ್ಮ ಸತ್ತು ಒಂಬತ್ತು ವರ್ಷವಾಗಿತ್ತು. ಸತ್ತ ವಾರವೇ ಅವನು ಹಾಳೆಯ ಹಿಂದೆ, ತನ್ನ ಕೈಯಿಂದಲೇ, ಅವಳ ಬದಲಾಗಿ ಹೆಂಡತಿಯ ಹೆಸರು ಬರೆದಿದ್ದ. ಆ ಬರಹ ಎಲ್ಲೂ ಇರಲಿಲ್ಲ. ಅಮ್ಮ ವಾಪಸು ಬಂದಿದ್ದಳು. ಅವನು ಸತ್ತರೆ ಹಣವನ್ನು ಕೌಂಟರಿಗೆ ಬಂದು ಇಸಕೊಳ್ಳಲು ಸೆರಗು ಹೊದ್ದು ಕಾದು ನಿಂತಿದ್ದಳು. ದೀಪ ಆರಿತು; ಪರದೆಯ ಬೆಳಕಿನಲ್ಲಿ ಬರೀ ಆ ಒಂದು ಪದ. ತನ್ನದೇ ಹಾಳೆಯನ್ನೂ ತಿರುಗಿಸದೆ ಕತ್ತರಿಸಿದ್ದೇನೆ ಎಂದಮೇಲೆ ಬೇರೆಯವರದು ಎಷ್ಟು ಹೋಗಿರಬೇಡ? ಅವತ್ತೇ ಎದ್ದು ಮೇಡಂ ಹತ್ತಿರ ಹೋಗಬೇಕಾಗಿತ್ತು. ಹೋಗಲಿಲ್ಲ. ಅವತ್ತು ಅವನು ಮಾಡಿದ್ದು ಒಂದೇ: ಪರದೆಯಲ್ಲಿ ಹೊಸ ನಮೂನೆ ತುಂಬಿ, ತುಟಿಪಿಟಿಕ್ಕೆನ್ನದೆ, ತನ್ನದೊಂದನ್ನು ಸರಿಮಾಡಿಕೊಂಡ. ಅದನ್ನು ನೆನೆದಾಗಲೆಲ್ಲ ಅವನಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಹೇಸಿಗೆ ಒಂದೆರಡು ಗಂಟೆ ಇದ್ದು, ಊಟದ ಹೊತ್ತಿಗೆ ಕಡಿಮೆಯಾಗುತ್ತಿತ್ತು.

"ಗುಮಾಸ್ತರೇ, ಒಂದ್ನಿಮಿಷ ಬರ್ತೀರಾ?" ಮೇಡಂ ಬಾಗಿಲಲ್ಲಿ ನಿಂತಿದ್ದರು. ಹನ್ನೆರಡು ಗಂಟೆ ಇರಬಹುದು. ಅವರ ಕೋಣೆಯಲ್ಲಿ ಒಬ್ಬ ಮುದುಕಿ ಕುರ್ಚಿಯ ತುದಿಗೆ ಕೂತಿದ್ದಳು, ತೊಡೆಯ ಮೇಲೆ ಬಟ್ಟೆಯ ಚೀಲ. ಚೀಲದ ಹೊಲಿಗೆ ಎಷ್ಟು ನೀಟಾಗಿತ್ತೆಂದರೆ ಅವನಿಗೆ ಮೊದಲು ಅದೇ ಗುರುತು ಸಿಕ್ಕಿತು. ಟೈಲರಮ್ಮ. ವಾಚು ರಿಪೇರಿಯವನ ಅಕ್ಕ. ಆರು ವರ್ಷದ ಹಿಂದೆ ತಮ್ಮನ ಜೊತೆ ಬಂದಿದ್ದಳು; ಭೂತಗನ್ನಡಿ ಸಿಕ್ಕಿಸಿ ಸಿಕ್ಕಿಸಿ ಅವನ ಒಂದು ಕಣ್ಣಿನ ಸುತ್ತ ಉಂಗುರದ ಗುರುತು ಬಿದ್ದಿತ್ತು. ನಮೂನೆಯ ಹಿಂದೆ ಬರೆಯುತ್ತಿದ್ದಾಗ ಆ ವಾಚಿನವನು, "ಅಕ್ಷರ ಮುತ್ತಿನ ಹಾಗಿದೆ ಸಾರ್" ಎಂದು ಹೊಗಳಿದ್ದ. ಮೂವತ್ತು ವರ್ಷದಲ್ಲಿ ಅವನ ಅಕ್ಷರವನ್ನು ಹೊಗಳಿದವನು ಅವನೊಬ್ಬನೇ. ಮರೆಯುವುದು ಹೇಗೆ?

"ನಮಸ್ಕಾರ ಗುಮಾಸ್ತರೇ" ಎಂದಳು ಟೈಲರಮ್ಮ, ಮುಖ ಅರಳಿಸಿ. "ಸದ್ಯ, ನೀವಿದ್ದೀರಲ್ಲ. ನನಗೆ ಧೈರ್ಯ ಬಂತು."

ಮೇಡಂ ಪರದೆಯನ್ನು ಅವನ ಕಡೆ ತಿರುಗಿಸಿದರು. ನಾಮಿನಿಯ ಸಂಬಂಧ: ತಮ್ಮ. "ಇವರ ತಮ್ಮ, ವಾಚು ರಿಪೇರಿಯವರು, ಹೋದ ತಿಂಗಳು ತೀರಿಕೊಂಡ್ರಂತೆ. ಇದರಲ್ಲಿ ಅವರ ಕಿರಿ ತಮ್ಮನ ಹೆಸರಿದೆ. ಮರದ ವ್ಯಾಪಾರದವರು. ಅವರು ನಿನ್ನೆ ಬಂದು ಅರ್ಜಿ ಹಾಕಿ ಹೋಗಿದಾರೆ. ಅಮ್ಮ ಹೇಳ್ತಾರೆ, ಅದನ್ನ ಆಮೇಲೆ ಬದಲಾಯಿಸಿ ಅಕ್ಕನ ಹೆಸರು ಬರೆಸಿದ್ರು ಅಂತ."

"ಬರೆದದ್ದು ಇವರೇ" ಎಂದಳು ಟೈಲರಮ್ಮ. "ಹಿಂದುಗಡೆ ಬರೆದ್ರು. ದೊಡ್ಡ ಯಜಮಾನರೂ ಇದ್ರು. ಕೇಳಿ ಇವರನ್ನೇ."

"ಗುಮಾಸ್ತರೇ, ಒಂದೇ ಮಾತು ಕೇಳ್ತೀನಿ" ಎಂದರು ಮೇಡಂ. ದನಿಯಲ್ಲಿ ಕಪಟವಿರಲಿಲ್ಲ, ಅದೇ ಅವನನ್ನು ಹೆದರಿಸಿತು. "ಹಿಂದೆ ಹಾಗೇನಾದ್ರೂ ಇತ್ತಾ? ಕಾಗದವಂತೂ ಈಗಿಲ್ಲ. ಆದ್ರೆ ನಾನೇ ಬರೆದಿದ್ದೆ, ಕಣ್ಣಾರೆ ನೋಡಿದೀನಿ ಅಂತ ನೀವು ಬರೆದುಕೊಟ್ರೆ, ಅರ್ಜಿ ನಿಲ್ಲಿಸ್ತೀನಿ. ವಿಚಾರಣೆ ಆಗುತ್ತೆ. ಇಲ್ಲ ಅಂದ್ರೆ ನಾಳೆ ಅವರಿಗೆ ಕೊಡಲೇಬೇಕು."

ಹೇಳಬೇಕಾದದ್ದು ಎರಡು ಪದ, ನಾನೇ ಬರೆದಿದ್ದೆ. ಆ ಎರಡು ಪದದ ಹಿಂದೆ ನಲವತ್ತೊಂದು ಚೀಲ ಸಾಲುಗಟ್ಟಿ ನಿಂತಿದ್ದವು. ಹಾಗಾದರೆ ಸ್ಕ್ಯಾನಿನಲ್ಲಿ ಯಾಕಿಲ್ಲ ಎನ್ನುತ್ತಾರೆ. ಎರಡೂ ಬದಿ ನೋಡಿದ್ದೇನೆ ಎಂದು ಸಹಿ ಮಾಡಿದ್ದಿರಲ್ಲ ಎನ್ನುತ್ತಾರೆ. ಇನ್ನೂ ಎಷ್ಟು ಹೋಗಿವೆ ಎನ್ನುತ್ತಾರೆ. ಮೂರು ಗಂಟೆಗೆ ಫಲಕ ಬರುತ್ತದೆ. ನಿವೃತ್ತಿಗೆ ನಾಲ್ಕು ವರ್ಷವಿದೆ. ಹೆಂಡತಿ ಹೊಸ ಲೋಟ ತೊಳೆದು ಬೋರಲು ಹಾಕಿರುತ್ತಾಳೆ. ಇಷ್ಟೆಲ್ಲ ಒಂದೇ ಉಸಿರಿನಲ್ಲಿ ಬಂದು ಹೋಯಿತು. "ಹಾಳೇಲಿ ಏನಿತ್ತೋ ಅದೆಲ್ಲ ಅದರಲ್ಲಿದೆ ಮೇಡಂ" ಎಂದ. ದನಿ ಸಹಜವಾಗಿಯೇ ಬಂತು. ಅಷ್ಟು ಸಹಜವಾಗಿ ಬಂದೀತೆಂದು ಅವನು ಎಣಿಸಿರಲಿಲ್ಲ.

ಟೈಲರಮ್ಮ ರೇಗಲಿಲ್ಲ. ಅವನನ್ನೇ ನೋಡಿದಳು, ಅಳತೆ ತೆಗೆದುಕೊಳ್ಳುವವಳ ಹಾಗೆ, ಹೆಗಲಿನಿಂದ ಹೆಗಲಿಗೆ. ಆಮೇಲೆ, "ಆ ಕಡತದ ಕೋಣೆ ಒಂದ್ಸಲ ನೋಡಬಹುದಾ?" ಎಂದು ಮೇಡಂ ಅವರನ್ನು ಕೇಳಿದಳು. "ಅಲ್ಲೇನೂ ಇಲ್ಲಮ್ಮ ಈಗ." "ಇರಲಿ. ನೋಡಿ ಹೋಗ್ತೀನಿ, ಮನಸ್ಸಿಗೆ ಸಮಾಧಾನ." ಹೊರಗೆ ಫೋನು ಬಡಿದುಕೊಂಡಿತು, ಪ್ರಮಾಣಪತ್ರದವರು ಹೇಳಿದ ಹೊತ್ತಿಗಿಂತ ಮೊದಲೇ ಹೊರಟು ಆಗಲೇ ಕೆಳಗೆ ಬಂದಿದ್ದರಂತೆ. "ಕರಕೊಂಡು ಹೋಗಿ ಗುಮಾಸ್ತರೇ, ಸ್ವಲ್ಪ ಹೊತ್ತು ಕೂರಿಸಿ" ಎಂದು ಮೇಡಂ ಎದ್ದರು.

ಅವಳು ಖಾಲಿ ಕಪಾಟುಗಳ ಮೇಲೆ ಬೆರಳಾಡಿಸುತ್ತ ಕೋಣೆಯ ಒಂದು ಸುತ್ತು ಹಾಕಿದಳು. ಧೂಳು ಸಹ ಇರಲಿಲ್ಲ. ಅವನ ಎದುರಿನ ಸ್ಟೂಲಿನ ಮೇಲೆ ಕೂತಳು. ಇಬ್ಬರೂ ಕದಲದೆ ಕೂತಿದ್ದಂತೆಯೇ ದೀಪ ಆರಿತು. "ಅಯ್ಯೋ!" ಎಂದಳು. "ಏನಿಲ್ಲಮ್ಮ, ಹೀಗೆ ಕೈ ಎತ್ತಬೇಕು" ಎಂದು ಅವನು ಕೈ ಎತ್ತಿದ. ದೀಪ ಬಂತು. ಅವಳಿಗೆ ತಮಾಷೆಯೆನ್ನಿಸಿತು. ತಾನೂ ಒಮ್ಮೆ ಕೈ ಎತ್ತಿ ನೋಡಿದಳು. "ಕರೆಂಟು ಉಳಿಸೋಕಾ? ಒಳ್ಳೇದೇ. ನಾನೂ ತುಂಡು ಬಟ್ಟೆ ಒಂದನ್ನೂ ಬಿಸಾಕಿದವಳಲ್ಲ. ಈ ಚೀಲ ನೋಡಿ, ಹದಿನಾಲ್ಕು ತುಂಡು. ಈಗ ಕಣ್ಣಿಗೆ ಪೊರೆ ಬಂದು ಸೂಜಿಗೆ ದಾರ ಪೋಣಿಸೋಕಾಗಲ್ಲ. ಮೂರು ವರ್ಷ ಆಯ್ತು ಮಿಷನ್ ಮುಟ್ಟಿ." ಚೀಲವನ್ನು ಮಗುಚಿ ಒಳಮೈ ತೋರಿಸಿದಳು. "ಮೇಲ್ಗಡೆ ಯಾರು ಬೇಕಾದ್ರೂ ಚೆನ್ನಾಗಿ ಹೊಲೀತಾರೆ ಗುಮಾಸ್ತರೇ. ನಾವು ಕೆಲಸ ಕಲಿಯೋವಾಗ ಮೇಸ್ತ್ರಿ ಮೊದಲು ಹಿಂದುಗಡೆ ತಿರುಗಿಸಿ ನೋಡ್ತಿದ್ದ." ಅವಳು ಚುಚ್ಚಲೆಂದು ಹೇಳಿದ್ದಲ್ಲ. ಅವಳ ಕಸುಬಿನ ಮಾತು, ಅಷ್ಟೇ. ಗುಮಾಸ್ತನ ಕೈ ತಾನಾಗಿಯೇ ಜೇಬಿನ ಮೇಲೆ ಹೋಗಿ ಕೂತಿತು.

"ಹಣದ ಮಾತು ಬಿಡಿ" ಎಂದಳು. "ಬಿಡಿ ಅಂದ್ರೆ ಬಿಡೋಕಾಗಲ್ಲ. ನಾನಿರೋ ಎರಡು ಕೋಣೆ ಬಾಡಿಗೆ ಇಷ್ಟು ದಿನ ತಮ್ಮ ಕಟ್ತಿದ್ದ, ಮುಂದೆ ಆ ಠೇವಣಿ ಬಡ್ಡೀಲೇ ನಾನು ಬದುಕಬೇಕು. ಆದ್ರೆ ನನಗೆ ಅದಕ್ಕಿಂತ ದೊಡ್ಡ ಹೆದರಿಕೆ ಒಂದಿದೆ. ಕಿರಿಯವನು ಹೇಳ್ತಾನೆ, ಅಕ್ಕಾ ನಿನಗೆ ಅರಳುಮರಳು, ಅಂಥದ್ದೇನೂ ನಡೆದೇ ಇಲ್ಲ, ನೀನು ಕನಸು ಕಂಡಿದೀಯ ಅಂತ. ದಿನಾ ಹೇಳ್ತಾನೆ. ಅವನ ಹೆಂಡತೀನೂ ಹೇಳ್ತಾಳೆ. ನಮ್ಮಮ್ಮನಿಗೂ ಕೊನೇಲಿ ಹಾಗೇ ಆಗಿತ್ತು. ನಡೆಯದೇ ಇದ್ದದ್ದನ್ನೆಲ್ಲ ನಡೀತು ಅಂತಿದ್ದಳು, ನನ್ನನ್ನೇ ಯಾರು ನೀನು ಅಂದಳು. ರಾತ್ರಿ ಹಾಸಿಗೇಲಿ ಮಲಗಿ ಒಂದೊಂದೇ ನೆನಪು ಮಾಡ್ಕೋತೀನಿ. ಅವತ್ತು ನೀವು ತೋಳು ಮಡಚಿದ ಅಂಗಿ ಹಾಕಿದ್ರಿ. ಸವೆದ ಕಾಲರ್ ತಿರುಗಿಸಿ ಹೊಲಿದಿದ್ರು. ಪೆನ್ನು ಒಮ್ಮೆ ಝಾಡಿಸಿದ್ರಿ. ಇಷ್ಟೆಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಅದು ನಡೆದಿಲ್ಲ ಅನ್ನೋದಾದ್ರೆ ನನ್ನ ತಲೇಲಿರೋ ಯಾವುದನ್ನ ನಾನು ನಂಬಲಿ? ಯಾರಿಗೂ ಹೇಳಬೇಡಿ, ಬರೆದೂ ಕೊಡಬೇಡಿ. ನನಗೊಬ್ಬಳಿಗೇ ಹೇಳಿ ಅಣ್ಣಾ. ನೀವು ಬರೆದ್ರಾ, ಇಲ್ವಾ?"

ಕಾಲರ್ ತಿರುಗಿಸಿ ಹೊಲಿದದ್ದು ನಿಜ. ಹೆಂಡತಿ ಹೊಲಿಸಿದ್ದಳು. ಅವನು ಉತ್ತರ ಕೊಡಲೆಂದು ಬಾಯಿ ತೆರೆದ. ಗೋಡೆಯಾಚೆ ಕುರ್ಚಿಗಳನ್ನು ಎಳೆಯುವ ಸದ್ದು. ಇವಳಿಗೆ ಹೌದು ಎಂದರೆ ಇವಳು ಬಾಗಿಲಾಚೆ ಹೋಗಿ ಹೌದಂತೆ ಅನ್ನುವುದಿಲ್ಲವೆ? ಅನ್ನದಿದ್ದರೂ ಇವಳಿಗೆ ಗೊತ್ತಿರುತ್ತದೆ. ಇಲ್ಲ ಎಂದರೆ? ಇವಳು ಮನೆಗೆ ಹೋಗಿ ಹಾಸಿಗೆಯಲ್ಲಿ ಮಲಗಿ, ಅಂಗಿ, ಕಾಲರು, ಪೆನ್ನು, ಒಂದೊಂದನ್ನೇ ತಲೆಯಿಂದ ಕಿತ್ತುಹಾಕುತ್ತಾಳೆ. ತಮ್ಮನ ಮಾತನ್ನು, ಕೊನೆಗೆ ತಮ್ಮನನ್ನೇ. ಅವನು ಬಾಯಿ ಮುಚ್ಚಿದ. ಅವಳೂ ಕಾದಳು, ತೊಡೆಯ ಮೇಲೆ ಕೈಯಿಟ್ಟುಕೊಂಡು, ಅಷ್ಟೇ ಅಲುಗಾಡದೆ. ಹೊಲಿಗೆಯವಳಿಗೂ ಕೂತಲ್ಲೇ ಕೂರುವ ಅಭ್ಯಾಸ. ದೀಪ ಆರಿತು.

ಕತ್ತಲೆ ಅವನಿಗೆ ಹಾಯೆನ್ನಿಸಿತು. ಕೈ ಎತ್ತುವುದು ತನ್ನ ಕೆಲಸ ಎಂದು ಗೊತ್ತಿತ್ತು. ಎತ್ತಲಿಲ್ಲ. ಈ ಕೋಣೆಯಲ್ಲಿ ಈಗ ಯಾರೂ ಇಲ್ಲ. ಸೂರಿನ ಮೇಲಿನ ಗುಂಡಿಯೇ ಹಾಗೆ ಹೇಳುತ್ತಿದೆ. ಯಾರೂ ಬರೆದಿಲ್ಲ, ಯಾರೂ ತಿರುಗಿಸದೆ ಬಿಟ್ಟಿಲ್ಲ. "ಗುಮಾಸ್ತರೇ?" ಎಂದಳು. ಉಸಿರು ಬಿಗಿಹಿಡಿದ. "ಅಣ್ಣಾ, ಇದ್ದೀರಾ?" ಮೂರು ಅಡಿ ದೂರದಲ್ಲಿ ಅವಳ ಉಸಿರು ಕೇಳುತ್ತಿತ್ತು, ಅವನದು ಅವಳಿಗೆ ಕೇಳದಿರಲಿ ಎಂದು ಬೇಡಿಕೊಂಡ. ಐವತ್ತಾರು ವರ್ಷದ ಗಂಡಸು, ಕಪಾಟಿನ ಸಂದಿಯಲ್ಲಿ ಅಡಗಿದ ಕಳ್ಳನಂತೆ, ಬೆನ್ನಿನಲ್ಲಿ ಬೆವರು ಇಳಿಯುತ್ತಿದ್ದರೂ ಒರೆಸಿಕೊಳ್ಳದೆ ಕೂತ. ಅವಳು ಎದ್ದು ತಡವರಿಸಿಕೊಂಡು ಹೋಗಿಬಿಟ್ಟರೆ ಸಾಕು. ಇದೊಂದು ಸಲ ಹೋಗಿಬಿಟ್ಟರೆ ಸಾಕು.

ಟೈಲರಮ್ಮ ಕೈ ಎತ್ತಿದಳು.

ದೀಪ ಬಂತು. ಅವನು ಕಣ್ಣು ಬಿಟ್ಟುಕೊಂಡು, ಬಾಯಿ ಬಿಗಿದುಕೊಂಡು, ಎರಡೂ ಕೈಯನ್ನು ಕುರ್ಚಿಯ ಹಿಡಿಗೆ ಒತ್ತಿಕೊಂಡು ಅವಳೆದುರಿಗೇ ಕೂತಿದ್ದ. ಅವಳು ಎತ್ತಿದ ಕೈಯನ್ನು ಇಳಿಸದೆ ಅವನನ್ನು ನೋಡಿದಳು. ಅವಳ ಕಣ್ಣಿಗೆ ಪೊರೆ ಬಂದಿದೆ, ಸರಿಯಾಗಿ ಕಾಣುವುದಿಲ್ಲ ಎಂದು ಅವನು ಮನಸ್ಸಿನಲ್ಲೇ ಹೇಳಿಕೊಂಡ.

"ಇಲ್ಲೇ ಇದ್ದೀರಲ್ಲ" ಎಂದಳು.

ಅವಳ ಮುಖದಲ್ಲಿ ಏನೋ ಸಡಿಲವಾಯಿತು. ಸಿಟ್ಟು ಬರಬೇಕಾಗಿದ್ದ ಜಾಗದಲ್ಲಿ ನೆಮ್ಮದಿ ಬಂತು. ಅದನ್ನು ನೋಡಲಾಗದೆ ಅವನು ನೆಲ ನೋಡಿದ. "ಹಾಗಾದ್ರೆ ನನ್ನ ತಲೆ ಸರಿಯಾಗೇ ಇದೆ" ಎಂದಳು ಮೆಲ್ಲಗೆ. "ನೀವು ಬರೆದಿದ್ರಿ." ಚೀಲವನ್ನು ಮತ್ತೆ ಒಳಮೈ ಒಳಗೆ ಮಾಡಿ ತಿರುಗಿಸಿ, ಹೆಗಲಿಗೆ ಹಾಕಿಕೊಂಡಳು. ಬಾಗಿಲಲ್ಲಿ ನಿಂತು, "ಅಷ್ಟು ಸಾಕು ನನಗೆ. ನೀವು ಮೈ ಹುಷಾರಾಗಿ ನೋಡ್ಕೊಳ್ಳಿ ಅಣ್ಣಾ, ತುಂಬಾ ಬೆವರ್ತಿದ್ದೀರಿ" ಎಂದು ಹೋದಳು.

ಹೊರಗೆ ಚಪ್ಪಾಳೆ ಕೇಳಿಸಿತು. ಫಲಕ ಹಾಕಿರಬೇಕು. "ನಮ್ಮ ಗುಮಾಸ್ತರೆಲ್ಲಿ? ಫೋಟೋಗೆ ಅವರೇ ಇಲ್ಲಾಂದ್ರೆ ಹೇಗೆ? ಈ ಕೆಲಸವೆಲ್ಲ ಅವರದೇ" ಎಂದು ಮೇಡಂ ಯಾರಿಗೋ ಹೇಳುತ್ತಿದ್ದರು. ಕ್ಯಾಷಿಯರ್, "ಕೋಣೇಲಿ ದೀಪ ಉರೀತಿದೆಯಾ ನೋಡಿ, ಉರೀತಿದ್ರೆ ಇದಾರೆ" ಎಂದ. ಎಲ್ಲರೂ ನಕ್ಕರು. ಗುಮಾಸ್ತ ಜೇಬಿನಿಂದ ಪಟ್ಟಿಯನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ತಿರುಗಿಸಿ ನೋಡಿದ. ಅದರ ಇನ್ನೊಂದು ಬದಿಯಲ್ಲಿ ಅಚ್ಚಾದ ಗೆರೆಗಳಿದ್ದವು, ಅಷ್ಟೇ. ಆಮೇಲೆ ಕೈಗಳನ್ನು ಮೊದಲಿನಂತೆ ಕುರ್ಚಿಯ ಹಿಡಿಯ ಮೇಲಿಟ್ಟು, ಕದಲದೆ, ದೀಪ ಆರುವುದನ್ನೇ ಕಾಯುತ್ತ ಕೂತ.